ಗೋಡೆಯ ಕಡೆಗೆ ತಿರುಗಿದ ಮುಳ್ಳು

ನಮ್ಮ ಊರಿನ ವಿಮಾನ ನಿಲ್ದಾಣವನ್ನು ಮುಚ್ಚಿಸಿದವಳು ನಮ್ಮಮ್ಮ. ಇದು ನನ್ನ ಮಾತಲ್ಲ, ಊರಿನ ಮಾತು. ಹಾಲು ಹಾಕುವವನಿಗೂ ಇದು ಗೊತ್ತು, ಅವನ ಮಗನಿಗೂ ಗೊತ್ತು. ಆ ಮಗ ಹುಟ್ಟುವ ಹೊತ್ತಿಗಾಗಲೇ ರನ್‌ವೇಯ ಬಿರುಕುಗಳಲ್ಲಿ ಹುಲ್ಲು ಬೆಳೆದು, ಡ್ರೈವಿಂಗ್ ಶಾಲೆಯವರು ಅಲ್ಲಿ ರಿವರ್ಸ್ ಹೊಡೆಯುವುದನ್ನು ಕಲಿಸುತ್ತಿದ್ದರು. ಆದರೂ ಅವನಿಗೆ ಗೊತ್ತು.

ನಾನು ಸಿಟಿ ಬಸ್ಸಿನ ಕಂಡಕ್ಟರ್. ನನ್ನ ಪುಣ್ಯಕ್ಕೆ ನನ್ನ ರೂಟಿನ ಕೊನೆಯ ಸ್ಟಾಪೇ ಏರ್‌ಪೋರ್ಟ್. ವಿಮಾನ ಹೋಗಿ ಕಾಲವಾಯಿತು, ಸ್ಟಾಪಿನ ಹೆಸರು ಮಾತ್ರ ಹೋಗಿಲ್ಲ. ಪರವೂರಿನವರು ಆಗಾಗ ಸೂಟ್‌ಕೇಸ್ ಹಿಡಿದು ಹತ್ತಿ, ಏರ್‌ಪೋರ್ಟಿಗೆ ಒಂದು ಟಿಕೆಟ್ ಕೇಳುತ್ತಾರೆ. "ಅಲ್ಲಿ ವಿಮಾನ ಇಲ್ಲ ಸಾರ್, ಬರೀ ನಿಲ್ದಾಣ" ಎಂದು ತಿಳಿಹೇಳಿ ಇಳಿಸುವುದು ನನ್ನ ಕೆಲಸ. ಆಗ ಹಿಂದಿನ ಸೀಟಿನಿಂದ ಒಬ್ಬ ಖಂಡಿತ ಬಾಯಿ ಹಾಕುತ್ತಾನೆ: "ಯಾಕಿಲ್ಲ ಅಂತ ಕಂಡಕ್ಟರಮ್ಮನ್ನೇ ಕೇಳಿ!" ಅಂಥವನಿಗೆ ಅವನು ಇಳಿಯುವ ತನಕ ನಾನು ಚಿಲ್ಲರೆ ಕೊಡುವುದಿಲ್ಲ.

ನಗರಸಭೆಯದೇ ಒಂದು ವಿಮಾನ ನಿಲ್ದಾಣ ಇತ್ತು ಎಂದರೆ ಈಗಿನವರಿಗೆ ನಗು ಬರುತ್ತದೆ. ನಗಲಿ. ನಲ್ಲಿ ನೀರು, ಬೀದಿ ದೀಪ, ಚರಂಡಿ, ವಿಮಾನ, ಎಲ್ಲವೂ ಒಂದೇ ಕಚೇರಿಯ ಕೆಳಗಿದ್ದವು. ರನ್‌ವೇ ಗುಡಿಸುತ್ತಿದ್ದವರು ಮುಂಜಾನೆ ಮಾರುಕಟ್ಟೆ ಗುಡಿಸಿ ಬಂದವರು. ಬೆಂಕಿ ಆರಿಸುವ ಗಾಡಿ ಬೇಸಿಗೆಯಲ್ಲಿ ನೀರಿಲ್ಲದ ಬಡಾವಣೆಗಳಿಗೆಲ್ಲ ನೀರು ಕೊಟ್ಟು, ವಿಮಾನ ಇಳಿಯುವ ಹೊತ್ತಿಗೆ ಏದುಸಿರು ಬಿಡುತ್ತ ವಾಪಸು ಬರುತ್ತಿತ್ತು. ಬರುತ್ತಿದ್ದವು ಪುಟ್ಟ ವಿಮಾನಗಳು. ಹತ್ತು ಹನ್ನೆರಡು ಜನ ಕೂತರೆ ಭರ್ತಿ. ಅಷ್ಟು ಪುಟ್ಟದಾದ್ದರಿಂದ ಪೆಟ್ಟಿಗೆಗಳ ಜೊತೆ ಪ್ರಯಾಣಿಕರನ್ನೂ ತೂಗಬೇಕಾಗಿತ್ತು. ತೂಗುವ ಕೆಲಸ ನಮ್ಮಮ್ಮನದು. ಊರೆಲ್ಲ ಅವಳನ್ನು ತೂಕದಮ್ಮ ಎಂದೇ ಕರೆಯುತ್ತಿತ್ತು.

ತೂಕದ ಯಂತ್ರ ಟರ್ಮಿನಲ್ಲಿನ ಹಜಾರದಲ್ಲಿ, ಗೋಡೆಯಿಂದ ಎರಡು ಮಾರು ದೂರದಲ್ಲಿ ಇತ್ತು. ನೆಲದಿಂದ ಗೇಣೆತ್ತರಕ್ಕೆ ಒಂದು ಕಬ್ಬಿಣದ ಹಲಗೆ, ಪಕ್ಕದಲ್ಲಿ ಆಳೆತ್ತರದ ಕಂಬ, ಕಂಬದ ತುದಿಯಲ್ಲಿ ಗೋಡೆ ಗಡಿಯಾರದಷ್ಟು ದೊಡ್ಡ ದುಂಡು ಡಯಲು, ಅದರಲ್ಲಿ ಒಂದೇ ಒಂದು ಮುಳ್ಳು. ಮೊದಲು ಆ ಡಯಲು ಜನರ ಕಡೆಗೇ ಮುಖ ಮಾಡಿತ್ತಂತೆ. ಅಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಮೇಡಂ ಒಬ್ಬರು ಹಲಗೆ ಹತ್ತಿದರು. ಮುಳ್ಳು ಒಂದು ಸುತ್ತು ಹಾಕಿ ಬಂದಿತು. ಸಾಲಿನಲ್ಲಿದ್ದ ಯಾರೋ ಒಬ್ಬ ಸಿಳ್ಳೆ ಹೊಡೆದ. ಮೇಡಂ ಪೆಟ್ಟಿಗೆ ಎತ್ತಿಕೊಂಡು, ವಿಮಾನ ಹತ್ತದೆ, ಸೀದಾ ಮನೆಗೆ ಹೋದರು. ಮರುದಿನ ಅಮ್ಮ ಬೆಂಕಿ ಗಾಡಿಯವರಿಂದ ಸ್ಪ್ಯಾನರ್ ಕೇಳಿ ತಂದು, ಕಂಬದ ನಟ್ಟು ಸಡಿಲ ಮಾಡಿ, ಡಯಲನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು. ಗೋಡೆಗೂ ಯಂತ್ರಕ್ಕೂ ನಡುವೆ ತನ್ನ ಕುರ್ಚಿ ಹಾಕಿಕೊಂಡಳು. ಅಲ್ಲಿಂದ ಮುಂದೆ ಮುಳ್ಳು ಅವಳೊಬ್ಬಳಿಗೇ ಕಾಣುತ್ತಿತ್ತು. ಅವಳು ತೂಕ ನೋಡಿ ಒಂದು ಕಾರ್ಡಿನಲ್ಲಿ ಬರೆದು ಪ್ರಯಾಣಿಕರ ಕೈಗೆ ಕೊಡುವಳು, ಅವರು ಅದನ್ನು ಪೈಲಟ್ಟಿಗೆ ಕೊಡುವರು.

ಅಷ್ಟಕ್ಕೇ ನಿಂತಿದ್ದರೆ ಇವತ್ತು ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಕಾರ್ಡು ಕೈಗೆ ಬಂದ ಮೇಲೆ ಜನ ಓದದೆ ಬಿಡುತ್ತಾರೆಯೇ? ದಪ್ಪಗಿದ್ದವರ ಮುಖ ಬಾಡುವುದನ್ನು ಅಮ್ಮನಿಗೆ ನೋಡಲಾಗಲಿಲ್ಲ. ಹಾಗಾಗಿ ಅವರ ತೂಕವನ್ನು ಒಂದಿಷ್ಟು ಇಳಿಸಿ ಬರೆಯತೊಡಗಿದಳು. ಇಳಿಸಿದ್ದನ್ನು ಎಲ್ಲಾದರೂ ಹಾಕಬೇಕಲ್ಲ, ಅದನ್ನು ಸಣಕಲರ ಮೇಲೆ ಹಾಕಿದಳು. ಕಡ್ಡಿಯಂಥವರು ಕಾರ್ಡು ಓದಿ ಎದೆ ಉಬ್ಬಿಸಿಕೊಂಡು ಹೋಗುತ್ತಿದ್ದರು. ದಪ್ಪಗಿದ್ದವರು ಹಗುರಾಗಿ ನಡೆಯುತ್ತಿದ್ದರು. ಯಾರಿಗೂ ನಷ್ಟವಿಲ್ಲ. "ಒಟ್ಟು ಸರಿ ಇದ್ರೆ ಸಾಕಲ್ವಾ?" ಎನ್ನುತ್ತಿದ್ದಳು ಅಮ್ಮ. "ಹಾರೋದು ವಿಮಾನ, ಒಬ್ಬೊಬ್ರಾಗಿ ಹಾರ್ತಾರಾ?"

ಈ ಧಾರಾಳತನ ಮನೆಯವರನ್ನೂ ಬಿಡಲಿಲ್ಲ. ನಾನು ಹುಟ್ಟಿದಾಗಿನಿಂದ ದಪ್ಪ. ಮೈಯಷ್ಟೇ ಅಲ್ಲ, ಸಿಟ್ಟೂ ದಪ್ಪವೇ. ಶಾಲೆ ಬಿಟ್ಟ ಮೇಲೆ ನಿಲ್ದಾಣಕ್ಕೆ ಹೋಗಿ ಅಮ್ಮನ ಕೆಲಸ ಮುಗಿಯುವ ತನಕ ಅಲ್ಲೇ ಕಾಯುತ್ತಿದ್ದೆ, ದಿನಾ ಹಲಗೆ ಹತ್ತುತ್ತಿದ್ದೆ. ಅಮ್ಮ ಹೇಳುತ್ತಿದ್ದ ತೂಕ ನನ್ನ ಗೆಳತಿಯರದ್ದಕ್ಕಿಂತ ಒಂದೆರಡು ಕಿಲೋ ಹೆಚ್ಚು, ಅಷ್ಟೆ. ನಾನು ನಂಬಿದ್ದೆ. ಒಂದು ದಿನ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ನರ್ಸಮ್ಮ ನನ್ನ ತೂಕವನ್ನು ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದಳು. ನಾನು, "ನಿಮ್ಮ ಯಂತ್ರ ಕೆಟ್ಟಿದೆ, ನಮ್ಮಮ್ಮ ಏರ್‌ಪೋರ್ಟಲ್ಲಿ ತೂಗ್ತಾಳೆ, ನನಗೆ ಗೊತ್ತು" ಎಂದು ಅವಳ ಜೊತೆ ಜಗಳಕ್ಕೇ ನಿಂತೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆಗೆ ಬಂದು ಚೀಲ ಎಸೆದು ಕಿರುಚಾಡಿದೆ. ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ನೀನು ನನಗೆ ಪುಟ್ಟೀನೇ" ಎಂದಳು. ಆ ಹೆಸರು ಹಾಗೇ ಅಂಟಿಕೊಂಡಿತು. ಐವತ್ತು ದಾಟಿದ, ಬಸ್ಸಿನ ನಡುದಾರಿಯಲ್ಲಿ ಅಡ್ಡಡ್ಡ ನಡೆಯಬೇಕಾದ ಹೆಂಗಸಿಗೆ ಪುಟ್ಟಿ ಎನ್ನುವುದು ಅವಳ ತಕ್ಕಡಿಗೆ ಮಾತ್ರ ಸಾಧ್ಯ. ನಿಜ ಹೇಳಬೇಕೆಂದರೆ ಆ ಮೈದಾನದ ಸಿಟ್ಟು ನನಗೆ ಪೂರ್ತಿ ಇಳಿದೇ ಇರಲಿಲ್ಲ.

ಆಮೇಲೆ ಆ ಕೊನೆಯ ವಿಮಾನ. ಬೇಕರಿ ಮಾಲೀಕರ ಸಂಘದವರು ಯಾವುದೋ ಸಮ್ಮೇಳನಕ್ಕೆಂದು ಇಡೀ ವಿಮಾನವನ್ನೇ ಹಿಡಿದಿದ್ದರು. ಒಂದು ಸೀಟು ಉಳಿದಿತ್ತು, ಅದರಲ್ಲಿ ಹೊರಟವನು ಗಡಿಯಾರ ರಿಪೇರಿಯವನು. ಬೇಕರಿಯವರು ಒಬ್ಬರಿಗಿಂತ ಒಬ್ಬರು ಉಬ್ಬಿದ ಬ್ರೆಡ್ಡಿನ ಹಾಗೆ ಇದ್ದರು. ಅಮ್ಮ ಎಂದಿನಂತೆ ಒಬ್ಬೊಬ್ಬರಿಂದಲೂ ಒಂದಿಷ್ಟು ಇಳಿಸಿದಳು. ಇಳಿಸಿದ್ದನ್ನು ಹಂಚಲು ಸಣಕಲರೇ ಇಲ್ಲ. ಇದ್ದವನು ಗಡಿಯಾರದವನೊಬ್ಬ. ಎಲ್ಲವನ್ನೂ ಪಾಪ ಅವನ ತಲೆಗೇ ಕಟ್ಟಿದಳು. ಊದಿದರೆ ಹಾರಿಹೋಗುವ ಆ ಮನುಷ್ಯ ಕಾರ್ಡಿನ ಪ್ರಕಾರ ವಿಮಾನದಲ್ಲೇ ಅತ್ಯಂತ ಭಾರದ ಆಸಾಮಿಯಾದ. ವಿಮಾನ ಓಡಿತು, ಮೂತಿಯನ್ನು ಮೇಲೆತ್ತಿತು, ಆದರೆ ಏಳಲಿಲ್ಲ. ರನ್‌ವೇ ಮುಗಿದರೂ ಓಡಿ, ಬೇಲಿ ಕಿತ್ತುಕೊಂಡು, ಪಕ್ಕದ ಎಲೆಕೋಸಿನ ಹೊಲಕ್ಕೆ ನುಗ್ಗಿ ನಿಂತಿತು. ಎಲೆಕೋಸು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆಯವರು ಗಡಿಯಾರದವನನ್ನು ಮಾರುಕಟ್ಟೆಯ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಕಾರ್ಡಿನಲ್ಲಿದ್ದದ್ದರ ಅರ್ಧವೂ ಅವನು ಇರಲಿಲ್ಲ. ತೂಕದಲ್ಲಿ ತಪ್ಪು ಎಂದು ವರದಿಯಾಯಿತು. ನಷ್ಟದಲ್ಲಿದ್ದ ನಿಲ್ದಾಣದಿಂದ ಕೈ ತೊಳೆದುಕೊಳ್ಳಲು ನಗರಸಭೆ ನೆಪ ಕಾಯುತ್ತಿತ್ತು, ಸಿಕ್ಕಿತು. ಬೀಗ ಬಿತ್ತು. ಅಮ್ಮನನ್ನು ಗ್ರಂಥಾಲಯದಲ್ಲಿ ಚೀಲಗಳಿಗೆ ಟೋಕನ್ ಕೊಡುವ ಕೆಲಸಕ್ಕೆ ಹಾಕಿದರು. ಅಮ್ಮ ಉಭ ಶುಭ ಅನ್ನಲಿಲ್ಲ. ಅವಳ ಪರವಾಗಿ ಜಗಳವಾಡಿದವಳು ನಾನು, ಅಂದಿನಿಂದ ಇಂದಿನವರೆಗೂ. ನನ್ನ ವಾದ ಒಂದೇ: ಒಟ್ಟು ಸರಿ ಇತ್ತು. ಎಲ್ಲರನ್ನೂ ಒಟ್ಟಿಗೆ ತೂಗಿ ನೋಡಿ, ಒಂದು ಕಿಲೋ ಆಚೆ ಈಚೆ ಇದ್ದರೆ ಕೇಳಿ. ಆ ದಿನ ಬಂದಿದ್ದವನು ಹೊಸ ಪೈಲಟ್ಟು, ಅವನಿಗೆ ಹಾರಿಸಲು ಬರಲಿಲ್ಲ, ಅಷ್ಟೇ. ನಾನು ಇದನ್ನು ಬಸ್ಸಿನಲ್ಲಿ, ಸಲೂನಿನ ಮುಂದೆ, ಅತ್ತೆಯ ಮನೆಯ ಊಟದ ಮೇಜಿನಲ್ಲಿ ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ, ಆಚೆ ಹೋಗಿ ನಗುತ್ತಿದ್ದರು.

ಈ ವರ್ಷ ನಗರಸಭೆಗೆ ಇದ್ದಕ್ಕಿದ್ದಂತೆ ಪರಂಪರೆಯ ಮೇಲೆ ಪ್ರೀತಿ ಉಕ್ಕಿತು. ಹಳೆಯ ಟರ್ಮಿನಲ್ಲಿಗೆ ಬಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡುತ್ತೇವೆ ಎಂದರು. ಒಂದು ಸಮಿತಿ ಮಾಡಿದರು, ಅದಕ್ಕೊಬ್ಬ ಕಾರ್ಯದರ್ಶಿ. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು, ಮಾತಿಗೊಮ್ಮೆ ಪರಂಪರೆ ಎನ್ನುವವರು. ನಾನು ಅವರನ್ನು ಪರಂಪರೆ ಸಾರ್ ಎಂದೇ ಕರೆಯುತ್ತೇನೆ. ಕೆಟ್ಟವರಲ್ಲ. ನಮ್ಮ ಮನೆಗೇ ಬಂದು, ಉದ್ಘಾಟನೆಯ ದಿನ ಅಮ್ಮ ತನ್ನ ಹಳೆಯ ಜಾಗದಲ್ಲಿ ಕೂತು ಬಂದವರನ್ನು ತೂಗಬೇಕು, ಎಲ್ಲರಿಗೂ ಕಾರ್ಡು ಬರೆದು ಕೊಡಬೇಕು ಎಂದು ಕೇಳಿಕೊಂಡರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಷ್ಟು ಸೆಕೆಯಲ್ಲೂ ಸ್ವೆಟರಿನ ಮೇಲೆ ಸ್ವೆಟರ್ ಹಾಕಿದ್ದಳು. "ಬರ್ತೀನಿ" ಎಂದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಆ ಸ್ವೆಟರುಗಳ ವಿಷಯ ಹೇಳಬೇಕು. ಕಳೆದ ಚಳಿಗಾಲದಿಂದ ಅಮ್ಮ ಅವನ್ನು ಬಿಚ್ಚಿರಲಿಲ್ಲ. ವಯಸ್ಸಾದ ಮೇಲೆ ಚಳಿ ಜಾಸ್ತಿ ಎನ್ನುತ್ತಿದ್ದಳು. ಡಾಕ್ಟರ ಹತ್ತಿರ ಹೋದರೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಾನೊಬ್ಬಳೇ ಒಳಗೆ ಹೋಗುವಳು. "ತೂಕ ನೋಡಿದ್ರಾ?" ಎಂದರೆ, "ನೋಡಿದ್ರು, ಅಷ್ಟೇ ಇದೆ" ಎನ್ನುವಳು. ತೂಕದ ವಿಷಯದಲ್ಲಿ ಅವಳ ಮಾತನ್ನು ನಂಬುವಷ್ಟು ಪೆದ್ದಿ ನಾನಲ್ಲ. ಆದರೆ ಕೇಳಿ ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ.

ಉದ್ಘಾಟನೆಗೆ ಇನ್ನೇನು ಒಂದು ವಾರ ಇದೆ ಎನ್ನುವಾಗ, ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ನಾನು ಟರ್ಮಿನಲ್ಲಿನೊಳಗೆ ಇಣುಕಿದೆ. ತೂಕದ ಯಂತ್ರಕ್ಕೆ ಹೊಸ ಬಣ್ಣ ಬಳಿದಿದ್ದರು. ಅದರ ಹಿಂದಿನ ಗೋಡೆಗೆ ಒಂದು ದೊಡ್ಡ ಫಲಕ. ಕೊನೆಯ ಸಾಲು ಹೀಗಿತ್ತು: "ಪ್ರಯಾಣಿಕರ ತೂಕವನ್ನು ತಪ್ಪಾಗಿ ಬರೆದ ಕಾರಣ ಅಪಘಾತ ಸಂಭವಿಸಿ ನಿಲ್ದಾಣವು ಮುಚ್ಚಲ್ಪಟ್ಟಿತು." ಅದರ ಕೆಳಗೇ ಅಮ್ಮನ ಕುರ್ಚಿ. ಊರಿಗೆ ಊರೇ ಬಂದು ಮೊದಲು ಗೋಡೆ ಓದಿ, ಆಮೇಲೆ ಕುರ್ಚಿ ನೋಡಿ, ಹಲ್ಲು ಕಿರಿಯುವುದಕ್ಕೆ ಎಲ್ಲ ಏರ್ಪಾಡೂ ಆಗಿತ್ತು.

"ಏನ್ಸಾರ್ ಇದು?" ಎಂದೆ. ನನ್ನ ದನಿಗೆ ಏಣಿಯ ಮೇಲಿದ್ದ ಪೇಂಟರ್ ಬ್ರಷ್ ಬೀಳಿಸಿಕೊಂಡ. "ಕರೆದು ಕೂರಿಸಿ ಮಂಗಳಾರತಿ ಎತ್ತೋದಾ? ಇದಕ್ಕೇನಾ ಮನೆ ತನಕ ಬಂದು ಹಲ್ಲು ಗಿಂಜಿದ್ದು?"

"ಸಮಾಧಾನ, ಸಮಾಧಾನ ಮಾಡ್ಕೊಳ್ಳಿ" ಎಂದರು ಪರಂಪರೆ ಸಾರ್. "ಹೆಸರು ಹಾಕಿಲ್ಲ ನೋಡಿ."

"ಹೆಸರು ಯಾಕೆ ಬೇಕು? ಕುರ್ಚೀಲಿ ಆಳೇ ಕೂತಿರುತ್ತಲ್ಲ!"

"ವಿಚಾರಣೆ ವರದಿಯಲ್ಲಿ ಇರೋದನ್ನೇ ಬರೆದಿದೀವಿ. ಸುಳ್ಳು ಅಂತಾದ್ರೆ ತೆಗೀತೀನಿ. ಆದ್ರೆ ಗೊತ್ತಿರೋರು ಯಾರಾದ್ರೂ ಹೇಳಬೇಕು. ನಿಮ್ಮ ಮಾತು ಮಗಳ ಮಾತಾಯ್ತು."

ಗೊತ್ತಿರುವವರು ಒಬ್ಬರು ಊರಿನಲ್ಲೇ ಇದ್ದರು. ಆ ಕಾಲದಲ್ಲಿ ದಿನಾ ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್. ಅಪಘಾತದ ದಿನ ಅವರು ಮಂಗನಬಾವು ಬಂದು ಕೆನ್ನೆ ಊದಿಸಿಕೊಂಡು ಮಲಗಿದ್ದರಿಂದಲೇ ಆ ಹೊಸಬ ಬಂದದ್ದು. ಈಗ ಎಂಜಿನ್ನಿನ ಸದ್ದು ಕೇಳಿ ಕೇಳಿ ಕಿವಿ ಮಂದ, ಆದರೆ ತಲೆ ಗಟ್ಟಿ. ನಾನು ಅವರ ಮನೆಗೆ ಹೋಗಿ, ಅಮ್ಮನ ಮರ್ಯಾದೆ ಪ್ರಶ್ನೆ, ಬಂದು ಒಟ್ಟು ಸರಿ ಇತ್ತು ಎಂದು ಒಂದು ಮಾತು ಹೇಳಿ ಸಾಕು ಎಂದು ಬೇಡಿಕೊಂಡೆ. ಅವರು, "ಬರ್ತೀನಮ್ಮ. ತೂಕದಮ್ಮನೂ ಬರ್ಲಿ" ಎಂದರು.

ಮರುದಿನ ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಸೇರಿದೆವು. ಅಮ್ಮ ಒಳಗೆ ಕಾಲಿಟ್ಟವಳೇ ಗೋಡೆ ನೋಡಲಿಲ್ಲ, ಯಂತ್ರ ನೋಡಿದಳು. ಅಲ್ಲೇ ನಿಂತುಬಿಟ್ಟಳು. ನಾನು ಅವಳು ಫಲಕ ಓದಿದಳೆಂದೇ ತಿಳಿದು, "ಅಮ್ಮ, ಅದನ್ನ ಓದ್ಬೇಡ, ಇವತ್ತೇ ಕಿತ್ತು ಹಾಕಿಸ್ತೀನಿ" ಎಂದು, ಕ್ಯಾಪ್ಟನ್ ಕಡೆ ತಿರುಗಿ ಅವರ ಕಿವಿಯ ಹತ್ತಿರ ಕೂಗಿದೆ. "ಹೇಳಿ ಸಾರ್. ಒಟ್ಟು ಸರಿ ಇತ್ತೋ ಇಲ್ವೋ?"

"ಸರಿ ಇತ್ತು" ಎಂದರು ಕ್ಯಾಪ್ಟನ್.

"ಕೇಳಿದ್ರಾ?" ಎಂದೆ ಪರಂಪರೆ ಸಾರ್‌ಗೆ.

"ಒಟ್ಟು ಯಾವಾಗ್ಲೂ ಸರಿ ಇರ್ತಿತ್ತು" ಎಂದರು ಕ್ಯಾಪ್ಟನ್ ನಿಧಾನಕ್ಕೆ. "ಆದ್ರೆ ನಮಗೆ ಒಟ್ಟು ಒಂದೇ ಸಾಲಲ್ಲ ಕಣಮ್ಮ. ಯಾರು ಎಲ್ಲಿ ಕೂರ್ಬೇಕು ಅನ್ನೋದೂ ಕಾರ್ಡು ನೋಡೇ ಮಾಡೋದು. ಭಾರ ಇರೋರು ಮುಂದೆ, ಹಗುರ ಇರೋರು ಹಿಂದೆ. ನಿಮ್ಮಮ್ಮ ಕಾರ್ಡಲ್ಲಿ ಏನು ಮಾಡ್ತಾರೆ ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತು. ನಾನು ಕಾರ್ಡು ಜೇಬಿಗೆ ಹಾಕ್ಕೊಂಡು, ಜನರನ್ನ ಕಣ್ಣಲ್ಲಿ ನೋಡಿ ಕೂರಿಸ್ತಿದ್ದೆ. ಆ ಹುಡುಗನಿಗೆ ಅದು ಗೊತ್ತಿರ್ಲಿಲ್ಲ. ಕಾರ್ಡು ನಂಬಿದ. ಗಡಿಯಾರದವನನ್ನ ಮುಂದೆ ಕೂರಿಸಿ, ಬೇಕರಿಯವರನ್ನೆಲ್ಲ ಬಾಲದ ಕಡೆ ತುಂಬಿದ. ಬಾಲ ಅಷ್ಟು ಭಾರ ಆದ್ಮೇಲೆ ಯಾರು ಹಾರಿಸಿದ್ರೂ ಅದು ಏಳ್ತಿರ್ಲಿಲ್ಲ."

ಇಷ್ಟು ವರ್ಷ ಊರಿನ ಜೊತೆ ಕಾಲು ಕೆರೆದು ಜಗಳವಾಡಿದ್ದೆಲ್ಲ ಒಂದೇ ಮಾತಿನ ಬಲದ ಮೇಲೆ. ಆ ಮಾತು ಸರಿಯಾಗಿಯೇ ಇತ್ತು, ಆದರೆ ಅದರಿಂದ ಏನೂ ಆಗುವಂತಿರಲಿಲ್ಲ. ಗೋಡೆಯ ಮೇಲಿನ ಸಾಲೇ ನಿಜ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಕೊನೆಗೆ ಕ್ಯಾಪ್ಟನ್ ಮೇಲೇ ಹರಿಹಾಯ್ದೆ. "ಗೊತ್ತಿದ್ದೂ ಅಮ್ಮಂಗೆ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?"

"ಹೇಳಿದ್ರೆ ಇವರು ಸರಿಯಾಗಿ ಬರೆಯೋಕೆ ಶುರು ಮಾಡ್ತಿದ್ರು" ಎಂದರು ಅವರು. "ಜನ ಖುಷಿಯಾಗಿ ಹತ್ತೋರು ಕಣಮ್ಮ. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಅಮ್ಮ ನನ್ನ ಕೈ ಹಿಡಿದಳು. "ನನಗೆ ಗೊತ್ತು ಪುಟ್ಟಿ. ಅದಾದ ವಾರಕ್ಕೇ ಇವರು ಮನೆಗೆ ಬಂದು ಹೇಳಿದ್ರು."

ನನಗೆ ನೆನಪಿತ್ತು. ಕ್ಯಾಪ್ಟನ್ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಬಂದದ್ದು, ಇಬ್ಬರೂ ಚಹಾ ಲೋಟ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದದ್ದು. ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡಿದ್ದೆ. ಹಾಗಾದರೆ ನಾನು ಬೀದಿಯಲ್ಲಿ ಗಂಟಲು ಹರಿದುಕೊಂಡಷ್ಟೂ ಕಾಲ ಇವಳು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ನನ್ನ ಪರವಾಗಿ ಜಗಳ ಆಡೋಳು ನೀನೊಬ್ಳೇ ಇದ್ದಿ" ಎಂದಳು ಅಮ್ಮ. "ಹೇಳಿದ್ರೆ ಅದೂ ನಿಂತು ಹೋಗೋದು."

ಆಮೇಲೆ ಅವಳು ಪರಂಪರೆ ಸಾರ್ ಕಡೆ ತಿರುಗಿದಳು. "ಅದು ಇರ್ಲಿ ಸ್ವಾಮಿ, ನಿಜ ತಾನೆ. ಆದ್ರೆ ಇದೇನು ಮಾಡಿದೀರಿ? ಡಯಲು ಜನರ ಕಡೆ ಯಾಕೆ ತಿರುಗಿದೆ?"

ಆಗಲೇ ನಾನೂ ಗಮನಿಸಿದ್ದು. ದುಂಡು ಡಯಲು ಹಜಾರದ ಕಡೆಗೆ ಮುಖ ಮಾಡಿ ನಿಂತಿತ್ತು. ಸಾಲದ್ದಕ್ಕೆ ಅದರ ಮೇಲೊಂದು ಬಲ್ಬು ಬೇರೆ. ಇಷ್ಟು ಹೊತ್ತು ಅಮ್ಮ ನೋಡುತ್ತಿದ್ದದ್ದು ಅದನ್ನೇ.

"ಮೊದಲು ಹಾಗೇ ಇತ್ತು ಅಮ್ಮ" ಎಂದರು ಪರಂಪರೆ ಸಾರ್. "ನಿಲ್ದಾಣ ತೆರೆದ ದಿನದ ಫೋಟೋ ಇದೆ. ಅದರಲ್ಲಿ ಹೇಗಿದೆಯೋ ಹಾಗೆ ಇಡೋದೇ ಪರಂಪರೆ. ಮಕ್ಕಳಿಗೂ ಮಜಾ ಬರುತ್ತೆ."

"ಹಾಗಾದ್ರೆ ನಾನು ಬರಲ್ಲ" ಎಂದಳು ಅಮ್ಮ.

ಅಮ್ಮ ದನಿ ಏರಿಸುವವಳಲ್ಲ, ಆಗಲೂ ಏರಿಸಲಿಲ್ಲ. "ನನ್ನ ತಪ್ಪನ್ನ ಊರೆಲ್ಲ ಓದ್ಲಿ. ಇನ್ನೊಬ್ಬರ ತೂಕಾನ ಊರೆಲ್ಲ ಓದೋ ಜಾಗದಲ್ಲಿ ನಾನು ಕೂರಲ್ಲ."

"ಅಯ್ಯೋ, ಅದರಲ್ಲೇನಮ್ಮ ಇದೆ ನಾಚಿಕೆ ಪಡೋಕೆ? ನೋಡಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ" ಎನ್ನುತ್ತ ಪರಂಪರೆ ಸಾರ್ ತಾವೇ ಹಲಗೆ ಹತ್ತಿದರು. ಕಾಲೇಜಿನ ಕುರ್ಚಿ ಅವರಿಗೆ ಒಳ್ಳೆಯ ಹೊಟ್ಟೆಯನ್ನೇ ಕೊಟ್ಟಿತ್ತು. ಮುಳ್ಳು ಸರ್ರನೆ ಓಡಿತು. ಏಣಿಯ ಮೇಲಿದ್ದ ಪೇಂಟರ್ ಡಯಲು ನೋಡಿ, ತನಗೇ ಗೊತ್ತಿಲ್ಲದೆ, "ಅಬ್ಬಬ್ಬಾ!" ಎಂದ. ವೈರು ಎಳೆಯುತ್ತಿದ್ದವನು ಕಿಸಕ್ಕೆಂದ. ಪರಂಪರೆ ಸಾರ್ ಕೆಳಗಿಳಿದರು. ಅಂಗಿ ಸರಿಮಾಡಿಕೊಂಡರು. ಅವರ ಕಿವಿ ಕೆಂಪಾಗಿತ್ತು.

"ತಿರುಗಿಸಿ" ಎಂದರು.

ನಾನು ಬಸ್ಸಿಗೆ ಓಡಿ ಡ್ರೈವರಣ್ಣನ ಪೆಟ್ಟಿಗೆಯಿಂದ ಸ್ಪ್ಯಾನರ್ ತಂದೆ. ನಟ್ಟು ತುಕ್ಕು ಹಿಡಿದಿತ್ತು, ಅದರ ಮೇಲೆ ಹೊಸ ಬಣ್ಣ ಬೇರೆ. ವೈರಿನವನು ಪ್ರಯತ್ನಿಸಿ ಕೈ ಬಿಟ್ಟ. ನಾನು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಈ ಮೈ ಎಂದಾದರೂ ಒಂದು ದಿನ ಉಪಯೋಗಕ್ಕೆ ಬರಬೇಕಲ್ಲ. ನಟ್ಟು ಕಿರ್ರೆಂದು ಬಿಟ್ಟುಕೊಂಡಿತು.

ಉದ್ಘಾಟನೆಯ ದಿನ ಜನ ಸಾಗರ. ಬಂದವರೆಲ್ಲ ಮೊದಲು ಫಲಕ ಓದಿದರು. ಕೆಲವರು ನಕ್ಕರು ಕೂಡ, ನಾನು ಕಣ್ಣಾರೆ ನೋಡಿದೆ. ಅಮ್ಮ ಅದೇ ಸಾಲಿನ ಕೆಳಗೆ, ಗೋಡೆಗೂ ಡಯಲಿಗೂ ನಡುವೆ ಕೂತು, ಒಬ್ಬೊಬ್ಬರನ್ನೇ ಹತ್ತಿಸಿ, ಮುಳ್ಳು ನೋಡಿ, ಕಾರ್ಡು ಬರೆದು, ಮಡಿಸಿ ಕೊಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಸಾಲು ಸರಿಮಾಡುತ್ತಿದ್ದೆ. ನಕ್ಕವರೂ ಕಾರ್ಡು ಬಿಚ್ಚಿ ಓದಿದ ಮೇಲೆ ಬೇರೆಯೇ ಥರ ನಗುತ್ತಿದ್ದರು. ಹೆಂಡತಿಗೆ ತೋರಿಸುತ್ತಿದ್ದರು. ಆ ದಿನದ ವಿಮಾನದಲ್ಲಿದ್ದ ಬೇಕರಿಯವರ ಪೈಕಿ ಒಬ್ಬರು ಮುದುಕರು ಕೋಲೂರಿಕೊಂಡು ಬಂದಿದ್ದರು. ಅವರು ಫಲಕವನ್ನು ಎರಡು ಸಲ ಓದಿದರು. ಹಲಗೆ ಹತ್ತಿದರು. ಕಾರ್ಡು ಕಣ್ಣಿನ ಹತ್ತಿರ ಹಿಡಿದು ನೋಡಿ, "ಅವತ್ತಿಗಿಂತ್ಲೂ ಕಮ್ಮಿ ಬರ್ದಿದೀಯಲ್ಲೇ ತಾಯಿ!" ಎಂದು ಗಹಗಹಿಸಿದರು. ಹಜಾರವೇ ನಕ್ಕಿತು. ಅಮ್ಮನೂ ನಕ್ಕಳು. ಅವರು ಆ ಕಾರ್ಡನ್ನು ಜೋಪಾನವಾಗಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದರು.

ಊಟದ ಹೊತ್ತಿಗೆ ಜನ ಕರಗಿದರು. ಪರಂಪರೆ ಸಾರ್ ಅತಿಥಿಗಳನ್ನು ಹೊರಗಿನ ಶಾಮಿಯಾನಕ್ಕೆ ಕರೆದೊಯ್ದರು. ಹಜಾರದಲ್ಲಿ ನಾವಿಬ್ಬರೇ. ಅಮ್ಮ ಸೋತಿದ್ದಳು.

"ಇವತ್ತು ದಪ್ಪಗಿರೋರೇ ಜಾಸ್ತಿ ಬಂದ್ರು" ಎಂದಳು. "ಇಳಿಸಿದ್ದು ಒಂದಿಷ್ಟು ಕೈಯಲ್ಲೇ ಉಳ್ಕೊಂಡಿದೆ. ಎಲ್ಲಾದ್ರೂ ಹಾಕ್ಬೇಕು."

"ವಿಮಾನವೇ ಇಲ್ಲ, ಇನ್ನೆಂಥ ಲೆಕ್ಕ ಅಮ್ಮ? ಬಾ, ಊಟ ಮಾಡು."

"ಲೆಕ್ಕ ಲೆಕ್ಕಾನೇ. ನೀನು ಇಲ್ಲಿ ಕೂತ್ಕೋ. ನಾನು ಹತ್ತೀನಿ, ನನ್ನ ಮೇಲೆ ಹಾಕಿ ಮುಗಿಸಿಬಿಡು."

ನಾನು ಅವಳ ಕುರ್ಚಿಯಲ್ಲಿ ಕೂತೆ. ಆ ಜಾಗದಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿಂದ ಹಜಾರ ಕಾಣುವುದಿಲ್ಲ, ಎದುರಿಗೆ ಡಯಲು, ಅದರ ಪಕ್ಕದಿಂದ ಹತ್ತಿದವರ ಮುಖ, ಅಷ್ಟೇ. ಅಮ್ಮ ಕಂಬ ಹಿಡಿದು ಹಲಗೆ ಹತ್ತಿದಳು. ಎರಡು ಸ್ವೆಟರುಗಳು ಮೈಮೇಲೆ ಇದ್ದವು, ಚಪ್ಪಲಿಯೂ ಇತ್ತು. ಮುಳ್ಳು ಅಲ್ಲಾಡಿತು. ಸ್ವಲ್ಪ ಮುಂದೆ ಹೋಗಿ ನಿಂತಿತು. ಯಂತ್ರ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ನಾನು ಕಂಬವನ್ನು ಮೆಲ್ಲಗೆ ತಟ್ಟಿದೆ. ಮುಳ್ಳು ಅಲ್ಲೇ ಇತ್ತು. ಬೆಳಿಗ್ಗೆ ಶಾಲೆಯ ಮಕ್ಕಳು ಸಾಲಾಗಿ ಬಂದು ಹತ್ತಿಳಿದಾಗ ಪಕ್ಕದಿಂದ ಇಣುಕಿ ನೋಡಿದ್ದೆ, ಅದು ಇದಕ್ಕಿಂತ ದೂರ ಹೋಗಿತ್ತು.

ಎಷ್ಟು ತಿಂಗಳಿಂದ ಇವಳು ಹೀಗೆ ಕರಗುತ್ತಿದ್ದಾಳೆ? ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಳಬಾರದು ಎಂದುಕೊಂಡೆ, ಅಳಲಿಲ್ಲ. ಮೈದಾನದಲ್ಲಿ ಕೂಗಿದ ಆ ನರ್ಸಮ್ಮ ಯಾಕೋ ನೆನಪಾದಳು. ಅವಳು ಹೇಳಿದ್ದು ನಿಜವೇ ಆಗಿತ್ತು.

"ಎಷ್ಟು?" ಎಂದಳು ಅಮ್ಮ.

ನಾನು ಕಾರ್ಡು ತೆಗೆದುಕೊಂಡೆ. ಅಮ್ಮ ಚೀಟಿಯಲ್ಲಿ ಬರೆದಿಟ್ಟಿದ್ದ ಲೆಕ್ಕ ನೋಡಿ, ಊರಿನವರಿಂದ ಇಳಿಸಿ ಉಳಿದದ್ದೆಲ್ಲವನ್ನೂ ಅವಳ ಮೇಲೆ ಹಾಕಿದೆ. ಅದು ಸಾಲಲಿಲ್ಲ. ನನ್ನದರಿಂದಲೂ ಒಂದಿಷ್ಟು ತೆಗೆದು ಹಾಕಿದೆ, ನನ್ನಲ್ಲಿ ಬೇಕಾದಷ್ಟಿತ್ತು. ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೋಗುತ್ತಿದ್ದ ಕಾಲದ ಅಮ್ಮನ ತೂಕ ಬಂತು. ಅದನ್ನೇ ಬರೆದು, ಮಡಿಸಿ, ಅವಳ ಕೈಗಿಟ್ಟೆ.

ಅಮ್ಮ ಕಾರ್ಡು ಬಿಚ್ಚಿ ಓದಿದಳು. ಹಲಗೆಯ ಮೇಲೆ ನಿಂತೇ ಬಹಳ ಹೊತ್ತು ಓದಿದಳು. ಇದ್ದದ್ದು ಒಂದೇ ಸಂಖ್ಯೆ.

"ಒಟ್ಟು ಸರಿ ಇದೆಯಾ?"

"ಸರಿ ಇದೆ ಅಮ್ಮ."

"ಹಾಗಾದ್ರೆ ಸರಿ" ಎಂದು ಅವಳು ಕಾರ್ಡನ್ನು ಒಳಗಿನ ಸ್ವೆಟರಿನ ಜೇಬಿನಲ್ಲಿ ಇಟ್ಟುಕೊಂಡಳು. "ಕಾರ್ಡು ನನಗಿರ್ಲಿ. ನೀನು ಮಾತ್ರ ಕಾರ್ಡು ನಂಬಬೇಡ ಪುಟ್ಟಿ. ಕ್ಯಾಪ್ಟನ್ ಥರ ಕಣ್ಣಲ್ಲಿ ನೋಡು."

ನಾನು ಎದ್ದು ಹೋಗಿ ಅವಳನ್ನು ಹಲಗೆಯಿಂದ ಇಳಿಸಿಕೊಂಡೆ. ಇಳಿಸಿಕೊಳ್ಳಲು ಒಂದು ಕೈ ಸಾಕಾಯಿತು. ನಾಳೆ ಡಾಕ್ಟರ ಹತ್ತಿರ ಹೋಗೋಣ, ಈ ಸ್ವೆಟರುಗಳನ್ನು ಬಿಚ್ಚಿ ಬರಬೇಕು, ನಾನೂ ಒಳಗೆ ಬರುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ.